ಒಂದೊಂದು ಚೂರಿಗೂ ಒಂದೊಂದು ಫೀಸು

ಇದು ನಿಜ ಕಥೆ ಕಣ್ರಿ. ಉಪ್ಪು ಖಾರ ಮಾತ್ರ ನನ್ನದು, ಸಾರೆಲ್ಲ ಕೊಳ್ಳೇಗಾಲದ ಶಿವನಂಜಯ್ಯನದು.

ಶಿವನಂಜಯ್ಯ ರೇಷ್ಮೆ ಸೀರೆ ನೇಯುವವನು. ಸೀರೆಗೆ ಚಿತ್ತಾರ ಮೂಡಿಸುವ ಹೊಸ ಜಕಾರ್ಡ್ ಪೆಟ್ಟಿಗೆಗೆಂದು ಕೂಡಿಟ್ಟ ದುಡ್ಡು ಬೇಗ ಬೆಳೆಯಲಿ ಅಂತ ಮೊಬೈಲಿನಲ್ಲಿ ಕ್ರಿಪ್ಟೊ ಕಾಯಿನ್ ಕೊಂಡಿದ್ದ. ಕಾಯಿನ್ ಅಂತ ಹೆಸರಿಟ್ಟವರು ಕಾಯಿರಿ ಅಂತಲೇ ಹೇಳಿರಬೇಕು. ಇವನಿಗೆ ಕಾಯುವ ತಾಳ್ಮೆ ಎಲ್ಲಿ? ಎರಡು ಸಲ ಲಾಳಿ ಓಡಿಸಿದರೆ ಒಂದು ಸಲ ಮೊಬೈಲು ನೋಡಬೇಕು. ಮಗ್ಗದ ಸದ್ದು ನಿಂತಾಗಲೆಲ್ಲ ಹೆಂಡತಿ ಪದ್ಮಿನಿ ಒಳಗಿನಿಂದ ಇಣುಕಿ ನೋಡುತ್ತಿದ್ದಳು.

ಹಳೆಯ ಜಕಾರ್ಡ್ ಕುಂಟತೊಡಗಿತು. ಇನ್ನು ಕಾಯಿನ್ ಮಾರಲೇಬೇಕು. ಮಾರಲು ಅದನ್ನು ಇನ್ನೊಂದು ಆ್ಯಪಿಗೆ ಕಳಿಸಬೇಕು. ಒಟ್ಟಿಗೆ ಕಳಿಸಲು ಭಯವಾಗಿ ದಿನಾ ಒಂದೊಂದು ಚೂರು ಕಳಿಸತೊಡಗಿದ. ಹೋದ ಚೂರಿಗಿಂತ ತಲುಪಿದ ಚೂರು ಸಣ್ಣದಾಗಿರುತ್ತಿತ್ತು. ಯಾಕೆಂದು ತಿಳಿಯದೆ ಇನ್ನಷ್ಟು ಚಡಪಡಿಸಿದ.

ಪದ್ಮಿನಿ ತಂಗಿ ಭವ್ಯಳಿಗೆ ಫೋನ್ ಮಾಡಿದಳು. ಭವ್ಯ ಯಳಂದೂರಿನ ಕಂಪ್ಯೂಟರ್ ಸೆಂಟರಿನಲ್ಲಿ ಪಾಠ ಹೇಳುವವಳು. ಬಸ್ಸು ಹತ್ತಿ ಬಂದು ಭಾವನಿಗೆ ಬಿಡಿಸಿ ಹೇಳಿದಳು: ಆ ಚೂರನ್ನು ತಿನ್ನುತ್ತಿರುವುದು ಪ್ರತಿ ಸಲ ಕಳಿಸುವಾಗ ಹಿಡಿಯುವ ಫೀಸು, ಕಳಿಸುವುದು ಸ್ವಲ್ಪವೇ ಇರಲಿ, ಜಾಸ್ತಿಯೇ ಇರಲಿ, ನಿಮ್ಮ ಆ್ಯಪಿನಲ್ಲಿ ಫೀಸು ಹೆಚ್ಚುಕಡಿಮೆ ಅಷ್ಟೇ.

"ಸುಮ್ಕಿರವ್ವ," ಅಂದ ಶಿವನಂಜಯ್ಯ. "ಓದ್ರೆ ಒಂದ್ ಚೂರು ಓಯ್ತದೆ, ಎಲ್ಲಾ ಓಗಕಿಲ್ಲ."

ಭವ್ಯಳಿಗೆ ಇನ್ನೊಂದು ವಿದ್ಯೆಯಿತ್ತು. ಒಮ್ಮೆ ಕೇಳಿದ ದನಿಯನ್ನು ಹಾಗೇ ತೆಗೆಯುತ್ತಿದ್ದಳು. ಮರುದಿನ ಶಿವನಂಜಯ್ಯ ಮಗ್ಗದಲ್ಲಿ ಕೂತು ಇನ್ನೊಂದು ಚೂರು ಕಳಿಸಲು ಬೆರಳೆತ್ತಿದ್ದ. ಹೊಸ ನಂಬರಿನಿಂದ ಫೋನ್ ಬಂತು. ಇವನ ಸೀರೆ ಕೊಳ್ಳುವ ಅಂಗಡಿಯ ವೃಷಭೇಂದ್ರಪ್ಪನವರ ದನಿ, ಮಾತಿಗೊಂದು ಅವರದೇ ಕೆಮ್ಮು.

"ಶಿವನಂಜಯ್ಯ, ಉಹು, ಒಂದೊಂದು ಸೀರೆನೂ ಮುಗಿದ ತಕ್ಷಣ ಕತ್ತರಿಸಿ ಕಳ್ಸು. ಉಹು, ಎಲ್ಲಾ ಒಟ್ಟಿಗೆ ತರುಸ್ಕಳಕೆ ನಂಗೆ ಭಯ ಆಯ್ತದೆ."

ಶಿವನಂಜಯ್ಯನಿಗೆ ಕೋಪ ನೆತ್ತಿಗೇರಿತು. "ಏನ್ ಸಾ ಇಂಗಂತೀರಿ? ಕತ್ತರಿಸಿ ಮತ್ತೆ ಕಟ್ಟೋವಾಗೆಲ್ಲ ಅಷ್ಟು ನೂಲು ಹಾಳಾಯ್ತದೆ. ಕತ್ತರಿಸೋದು ಸೀರೆಯಾದ್ರೂ ಅಷ್ಟೇ, ಕರ್ಚೀಫಾದ್ರೂ ಅಷ್ಟೇ. ಮಗ್ಗಕ್ಕೆ ಏರಿಸಿರೋ ಹಾಸುನೂಲು ಮುಗೀಲಿ, ಒಂದೇ ಸಲ ಇಳಿಸ್ತೀನಿ."

ಕೆಮ್ಮು ಈಗ ಫೋನಿನಲ್ಲೂ ಕೇಳಿತು, ಹೊಸಿಲಲ್ಲೂ ಕೇಳಿತು. ಬಾಗಿಲಲ್ಲಿ ಭವ್ಯ ನಿಂತಿದ್ದಳು.

"ಕಾಯಿನ್ನೂ ಅಂಗೇ ಇಳಿಸಿ ಭಾವ."

ಶಿವನಂಜಯ್ಯ ಮಗ್ಗ ನೋಡಿದ, ಮೊಬೈಲ್ ನೋಡಿದ. ಬೆರಳು ತಾನಾಗಿ ಹಿಂದೆ ಸರಿಯಿತು.

ಮೂವರೂ ಕೂತು ನೋಡಿದರು. ಕಳಿಸುವ ಗುಂಡಿಯ ಕೆಳಗೇ ಸಣ್ಣ ಅಕ್ಷರದಲ್ಲಿ ಫೀಸು ಬರೆದಿತ್ತು. ಇವನು ಅಷ್ಟು ಕೆಳಗೆ ಕಣ್ಣು ಹಾಯಿಸಿರಲೇ ಇಲ್ಲ. ಒಂದೇ ಹೊತ್ತಿನಲ್ಲಿ ಕಳಿಸುವವರು ಹೆಚ್ಚಿದಾಗ ಫೀಸೂ ಏರುತ್ತದೆ ಅಂದಳು ಭವ್ಯ. ಇಳಿಯುವವರೆಗೆ ಕಾದರು. ಇನ್ನೊಂದು ಆ್ಯಪಿನ ವಿಳಾಸವನ್ನು ಅಕ್ಷರ ಅಕ್ಷರ ಹೋಲಿಸಿ ಉಳಿದದ್ದನ್ನು ಒಂದೇ ಸಲ ಕಳಿಸಿ, ಎಲ್ಲವನ್ನೂ ಮಾರಿದರು. ಫೀಸು ತಿಂದದ್ದು ವಾಪಸು ಬರಲಿಲ್ಲ. ಹೊಸ ಜಕಾರ್ಡ್ ಕನಸು ಹಳೆಯದರ ರಿಪೇರಿಗೆ ಇಳಿಯಿತು. ಆದರೆ ಮಗ್ಗ ಮತ್ತೆ ಓಡಿತು.

ಓದುಗರೇ, ಕಸುಬಿನ ದುಡ್ಡನ್ನು ಏರಿಳಿಯುವ ಕಾಯಿನ್‌ಗೆ ಹಾಕುವ ಮುಂಚೆ ಯೋಚಿಸಿ. ಹಾಕಿದ್ದರೆ, ಗುಂಡಿ ಒತ್ತುವ ಮುಂಚೆ ಫೀಸು ಎಷ್ಟೆಂದು ನೋಡಿ. ಚಡಪಡಿಸಿ ಚೂರು ಚೂರು ಕಳಿಸಬೇಡಿ. ತಿಳಿಯದಿದ್ದರೆ ತಿಳಿದವರನ್ನು ಕೇಳಿ. ಬೇಕಾದರೆ ಶಿವನಂಜಯ್ಯನನ್ನೇ ಕೇಳಿ. ವೃಷಭೇಂದ್ರಪ್ಪನವರ ಹಾಗೆ ಕೆಮ್ಮಿಕೊಂಡೇ ಕಥೆ ಹೇಳುತ್ತಾನೆ. ಮುಗಿಯುವ ಮೊದಲೇ ಎಲ್ಲರಿಗಿಂತ ಜೋರಾಗಿ ನಗುವವನೂ ಅವನೇ.