ಮುಖವಾಡದ ಒಳಮೈ

ಮ್ಯೂಸಿಯಂನಲ್ಲಿ ಎಲ್ಲರೂ ಅವಳಿಗಿಟ್ಟ ಹೆಸರು ಸಂಶಯದಕ್ಕ. ಬಂದ ವಸ್ತು ಅಸಲಿಯೋ ನಕಲಿಯೋ ನೋಡಿ ಹೇಳುವುದೇ ಕೆಲಸವಾದವಳು ಸಂಶಯಪಡದೆ ಕಣ್ಣುಮುಚ್ಚಿ ಕೂರಬೇಕೇ? ಆದರೆ ಇವತ್ತು ಮೇಜಿನ ಮೇಲಿದ್ದ ಪಶ್ಚಿಮ ಆಫ್ರಿಕಾದ ಮರದ ಮುಖವಾಡ ತಂದುಕೊಟ್ಟವನು ಅವಳ ಸ್ವಂತ ಭಾವ. ಅವಳು ಹೂಂ ಅಂದರೆ ಅದು ಆಫ್ರಿಕಾ ಗ್ಯಾಲರಿಯ ನಡುಗೋಡೆಗೆ ಏರುತ್ತದೆ, ಕೆಳಗೆ ದಾನಿಯೆಂದು ಭಾವನ ಹೆಸರು. ಊಹೂಂ ಅಂದರೆ ಅಕ್ಕನ ಮನೆ ಬಾಗಿಲು ಇವಳ ಪಾಲಿಗೆ ಮುಚ್ಚಿದಂತೆಯೇ.

ಅಕ್ಕ ಗಂಡನ ಪಕ್ಕದಲ್ಲೇ ಕೂತಿದ್ದಳು. "ನೆಂಟರಿಗೆಲ್ಲ ಹೇಳಿಬಿಟ್ಟಿದೀವಿ ಕಣೇ. ಇವರ ಮುಖಕ್ಕೆ ಮಸಿ ಬಳೀಬೇಡ. ಹೂಂ ಅಂದ್ರೆ ನಿನ್ನ ಗಂಟೇನು ಹೋಗುತ್ತೆ?"

"ಎಲ್ಲಿ ಸಿಕ್ತು ಭಾವ?"

ಭಾವ ಮರದ ವ್ಯಾಪಾರಕ್ಕೆಂದು ಆ ಕಡೆ ಹೋಗಿಬರುವವನು. "ಒಬ್ಬ ಮುದುಕನ ಅಟ್ಟದಲ್ಲಿ ಬಿದ್ದಿತ್ತು. ಅವನ ತಾತನ ಕಾಲದಿಂದ ಯಾರೂ ಮುಟ್ಟಿಲ್ವಂತೆ. ಪಾಪ, ಪ್ರೀತಿಯಿಂದ ಕೊಟ್ಟ."

ಬೆಳ್ಳಗಿರುವುದೆಲ್ಲ ಹಾಲಲ್ಲ! ಮಾತು ಇಷ್ಟು ನಯವಾಗಿದ್ದರೆ ಅವಳಿಗೆ ಮೈ ಉರಿಯುತ್ತದೆ. ಹೊಸ ಮರಕ್ಕೆ ಹೊಗೆ ಹಾಕಿ, ಚಹಾ ಬಳಿದು, ಮುತ್ತಾತನ ಕಾಲದ್ದೆಂದು ಮಾರುವವರನ್ನು ಅವಳು ಕಾಣದವಳೇ? ಅಂಥವರು ಹೊರಮೈಗೆ ಮಾತ್ರ ಮುಪ್ಪು ತರುತ್ತಾರೆ. ಒಳಗೆ ಯಾರು ನೋಡುತ್ತಾರೆಂದು ಉಳಿಯ ಗೀರುಗಳನ್ನು ಹಾಗೇ ಬಿಡುತ್ತಾರೆ.

ಮುಖವಾಡವನ್ನು ಬೋರಲು ಹಾಕಿ, ಗವಸು ತೊಟ್ಟ ಬೆರಳಾಡಿಸಿದಳು. ಹಣೆ ತಾಗುವಲ್ಲಿ, ಕೆನ್ನೆ ಉಜ್ಜುವಲ್ಲಿ ಮರ ನುಣ್ಣಗೆ ಸವೆದು ಬೆವರಿಗೆ ಕಪ್ಪಾಗಿತ್ತು. ಅಡ್ಡಲಾಗಿ ದಪ್ಪ ಹಗ್ಗವೊಂದಿತ್ತು. ಗಿರಗಿರ ತಿರುಗುವಾಗ ಮುಖವಾಡ ಜಾರದಂತೆ ಕುಣಿಯುವವನು ಹಲ್ಲಲ್ಲಿ ಕಚ್ಚಿ ಹಿಡಿಯುವ ಹಗ್ಗ ಅದು. ಅದರ ಮೇಲೆ ಹಲ್ಲಿನ ಗುರುತು ಸ್ಪಷ್ಟವಾಗಿತ್ತು.

"ಅಸಲಿ," ಎಂದಳು. ಎದೆಯ ಭಾರ ಇಳಿದಂತಾಗಿ ನಕ್ಕೂ ಬಿಟ್ಟಳು.

"ಭಾವ ಅಂದ್ರೆ ಏನಂದ್ಕೊಂಡಿದ್ದೆ?" ಅವನೂ ನಕ್ಕ. ಅಕ್ಕ ಸೆರಗಿನಿಂದ ಮುಖ ಒರೆಸಿಕೊಂಡಳು.

ಎತ್ತಿಡಲು ಹೋದಾಗ ಅಂಚಿನ ತೂತುಗಳು ಕಂಡವು. ಕುಣಿಯುವವನ ನಾರಿನ ಉಡುಪನ್ನು ಅಲ್ಲೇ ಕಟ್ಟುವುದು. ಉಡುಪಿಲ್ಲ, ಮೋಟು ನಾರು ಮಾತ್ರ ಉಳಿದಿದೆ. ನಾರೆಲ್ಲ ಮಣ್ಣು ಹಿಡಿದು ಕಪ್ಪಾಗಿದೆ, ಚಾಕು ಆಡಿದ ತುದಿ ಮಾತ್ರ ಬೆಳ್ಳಗಿದೆ.

"ತಾತನ ಕಾಲದಿಂದ ಯಾರೂ ಮುಟ್ಟಿಲ್ಲ ಅಂದ್ರಲ್ಲ ಭಾವ? ಇದನ್ನ ಮೊನ್ನೆ ಮೊನ್ನೆ ಕೊಯ್ದಿದಾರೆ."

"ಪ್ಯಾಕ್ ಮಾಡುವಾಗ ಆಳು ಕೊಯ್ದಿರಬೇಕು."

"ಹಾಗಾದ್ರೆ ಉಡುಪು ಗಟ್ಟಿಯಾಗೇ ಇತ್ತು. ಅಷ್ಟು ಕಾಲ ಅಟ್ಟದಲ್ಲಿದ್ರೆ ಇಲಿ, ಹುಳ ಬಿಡ್ತಿದ್ವಾ? ಮೊನ್ನೆವರೆಗೂ ಇದನ್ನ ತೊಟ್ಟು ಕುಣೀತಿದ್ರು."

"ಅಟ್ಟವೋ, ಅಂಗಳವೋ! ಕೊಟ್ಟೋನು ಏನು ಹೇಳಿದ್ನೋ ನಂಗೇನು ಗೊತ್ತು? ಅಸಲಿ ತಾನೆ? ಮುಗೀತು!" ಅವನ ಕಣ್ಣು ಮುಖವಾಡದ ಮೇಲಿತ್ತು, ಇವಳ ಮೇಲಲ್ಲ.

ಅವಳಿಗೆ ಅಳು ಬಂತು. ನಕಲಿಯಾಗಿದ್ದರೆ ಎಷ್ಟು ಚೆನ್ನಾಗಿತ್ತು! ಭಾವ ಟೋಪಿ ಹಾಕಿಸಿಕೊಂಡ ಪೆದ್ದನಾಗುತ್ತಿದ್ದ, ಎಲ್ಲರೂ ನಕ್ಕು ಮರೆಯುತ್ತಿದ್ದರು.

"ಅದೇನು ಗೊಣಗ್ತೀಯೆ?" ಅಕ್ಕ ರೇಗಿದಳು. "ಅಸಲಿ ಅಂತ ನೀನೇ ಅಂದ್ಯಲ್ಲ, ಗೋಡೆಗೆ ಹಾಕ್ಸು."

ಭಾವ ಮುಖವಾಡಕ್ಕೆ ಕೈ ಚಾಚಿದ. ಅವಳು ಅದನ್ನು ತನ್ನತ್ತ ಎಳೆದುಕೊಂಡಳು.

"ಅಸಲಿ ಕಣೇ ಅಕ್ಕಾ, ಅದಕ್ಕೇ ಹಾಕ್ಸಲ್ಲ. ಅಲ್ಲಿ ಯಾರೋ ಇದನ್ನ ಇನ್ನೂ ಹುಡುಕ್ತಾ ಇದಾರೆ."