ಹೊರಟೇ ಬಿಟ್ಟ ಪಿಯಾನೊ

ಈಗಲೇ ಬರೆಯದಿದ್ದರೆ ನಾಳೆ ನನಗೇ ಇದು ಸುಳ್ಳೆನ್ನಿಸೀತು.

ಇವತ್ತು ಅಕ್ಕ ಮೊದಲ ಸಲ ಪೂರ್ತಿ ವಾದ್ಯವೃಂದದ ಜೊತೆ ಪಿಯಾನೊ ನುಡಿಸಿದಳು. ಮೊದಲು ಅವಳ ಕಾನ್ಚೆರ್ಟೊ, ಅಂದರೆ ಪಿಯಾನೊ ಮುಂದಾಗಿ ವೃಂದ ಜೊತೆಗೂಡುವ ಮೂರು ಭಾಗದ ಕೃತಿ; ವಿರಾಮದ ನಂತರ ವೃಂದವೊಂದೇ ನುಡಿಸುವ, ಎಲ್ಲರೂ ಗುನುಗುವ ಆ ಸಿಂಫನಿ. ಜನ ಬಂದದ್ದೇ ಸಿಂಫನಿಗೆ. "ನಿನ್ನದು ಸರಿಹೋದ್ರೆ ಮುಂದಿನ ಊರುಗಳಿಗೂ ನೀನೇ. ಇಲ್ಲಾಂದ್ರೆ ಇಲ್ಲಿಗೇ ನಮಸ್ಕಾರ," ಎಂದು ಕೈಸನ್ನೆಯಲ್ಲಿ ವೃಂದವನ್ನು ನಡೆಸುವ ಕಂಡಕ್ಟರ್ ಬೆಳಿಗ್ಗೆಯೇ ಅವಳಿಗೆ ಹೇಳಿದ್ದರು.

ನನ್ನ ಕೆಲಸ ಅವಳ ನೀರು, ಶಾಲು ಹಿಡಿದು ಪಕ್ಕದ ಪರದೆಯ ಹಿಂದೆ ನಿಲ್ಲುವುದು.

"ಪರದೆ ಹಿಂದೆ ಅಂದ್ರೆ ನಿಂಗೆ ಸ್ವರ್ಗ ಬಿಡೇ," ಅಂದಳು ಅಕ್ಕ.

ನಿಜ. ಜನರ ಮುಂದೆ ವೇದಿಕೆ ಹತ್ತಲಾರದೆ ಪದವಿಪತ್ರವನ್ನೂ ಅಂಚೆಯಲ್ಲಿ ತರಿಸಿಕೊಂಡವಳು ನಾನು.

ಆ ವೇದಿಕೆ ಜನರ ಕಡೆಗೆ ತುಸು ಇಳಿಜಾರು. ಅದಕ್ಕೇ ಪಿಯಾನೊದ ಮೂರು ಗಾಲಿಗೂ ಬ್ರೇಕ್. ವೇದಿಕೆ ನೋಡಿಕೊಳ್ಳುವವರನ್ನು ಎಲ್ಲರೂ ಮಾಮ ಎನ್ನುತ್ತಾರೆ. ಬ್ರೇಕ್ ಮುಟ್ಟುವ ಹಕ್ಕು ಅವರೊಬ್ಬರದೇ.

ಮೊದಲ ಎರಡು ಭಾಗ ನೀರು ಹರಿದಂತೆ ಸಾಗಿದವು. ಮೂರನೆಯದರಲ್ಲಿ ಅಕ್ಕನ ಎರಡೂ ಕೈ ಗುಡುಗತೊಡಗಿದವು. ಅವಳು ಸ್ಟೂಲಿನ ಮೇಲೆ ಬಲಕ್ಕೆ, ಜನರ ಕಡೆಗೆ, ಸರಿದಳು. ಮತ್ತೂ ಸರಿದಳು. ಆವೇಶ ಅಂದುಕೊಂಡೆ. ಆಮೇಲೆ ಗಾಲಿ ಕಂಡಿತು. ಅದು ಉರುಳುತ್ತಿತ್ತು!

ಪಿಯಾನೊ ಜನರತ್ತ ಹೊರಟಿತ್ತು. ಮುಂದಿನ ಸಾಲಿನ ಅಜ್ಜಿಯೊಬ್ಬರು ಕಣ್ಣು ಮುಚ್ಚಿ ತಲೆದೂಗುತ್ತಿದ್ದರು. ಅಕ್ಕ ಸ್ಟೂಲಿನ ಅಂಚಿಗೆ ಬಂದರೂ ಕೈ ನಿಲ್ಲಿಸಲಿಲ್ಲ. ಮಾಮ ಸಿಂಫನಿಗೆ ಕುರ್ಚಿ ತರಲು ಹಿಂದೆ ಹೋಗಿದ್ದರು. ಕೂಗಿದರೆ ಅಷ್ಟು ವಾದ್ಯಗಳ ಸದ್ದಿನಲ್ಲಿ ಯಾರಿಗೂ ಕೇಳಿಸದು.

ಕಾಲು ನನ್ನನ್ನು ಕೇಳಲಿಲ್ಲ. ಚಪ್ಪಲಿ ಅಲ್ಲೇ ಬಿಟ್ಟು, ಅಷ್ಟೂ ಬೆಳಕಿನೊಳಗೆ ಓಡಿ, ಪಿಯಾನೊದ ಕೆಳಗೆ ನುಸುಳಿದೆ. ಉರುಳುವ ಗಾಲಿಗೆ ಬ್ರೇಕ್ ಒತ್ತಿದರೆ ಕಚ್ಚಲಿಲ್ಲ. ಅಕ್ಕನ ಶಾಲು ಮಡಚಿ ಗಾಲಿಯಡಿ ತುರುಕಿದೆ. ನಿಂತಿತು. ವೇದಿಕೆಯ ಅಂಚು ಅಲ್ಲೇ, ಕೈಗೆಟುಕುವಷ್ಟು ಹತ್ತಿರ. ಕೊನೆಯ ತನಕ ಗಾಲಿಯನ್ನು ತಬ್ಬಿಕೊಂಡೇ ಕೂತೆ.

ಚಪ್ಪಾಳೆ ಬಿತ್ತು. ಕಂಡಕ್ಟರ್ ಬಗ್ಗಿ ನೋಡಿದರು. "ಯಾರಮ್ಮಾ ನೀನು?"

"ತಂಗಿ."

"ಹೊರಗೆ ಬಾ."

"ಬರಲ್ಲ ಸಾರ್. ಜನ ಇದ್ದಾರೆ."

ವಿರಾಮದಲ್ಲಿ ಅವರು ಮಾಮನ ಮೇಲೆ ಹಾರಿಬಿದ್ದರು. "ಬ್ರೇಕ್ ಹಾಕೋಕಾಗಲ್ವೇನಯ್ಯಾ? ನಾಳೆಯಿಂದ ಬರ್ಬೇಡ!"

"ಹಾಕಿದ್ದೆ ಸಾರ್, ಕೈಯಾರೆ..." ಮಾಮನ ಮುಖದಲ್ಲಿ ರಕ್ತವೇ ಇರಲಿಲ್ಲ.

"ತೆಗೆದಿದ್ದು ನಾನು," ಅಂದಳು ಅಕ್ಕ.

ಅವಳು ಸುಮ್ಮನಿದ್ದಿದ್ದರೆ ಯಾರಿಗೂ ಗೊತ್ತಾಗುತ್ತಿರಲಿಲ್ಲ.

"ನಿಮ್ಮ ಕೈ ಸರಿಯಾಗಿ ಕಾಣಿಸ್ತಿರಲಿಲ್ಲ ಸಾರ್. ಜನ ಬರೋ ಮುಂಚೆ ಒಂದು ಗೇಣು ಸರಿಸಿದೆ. ಮತ್ತೆ ಬ್ರೇಕ್ ಹಾಕೋದು ಮರೆತೆ."

"ಕೈ ಕಾಣದಿದ್ರೆ ಹೇಳೋಕೆ ಬಾಯಿರಲಿಲ್ವಾ?" ಅವರು ಬೆವರು ಒರೆಸಿಕೊಂಡರು. "ಚೆನ್ನಾಗಿ ನುಡಿಸಿದೆ. ಅದ್ಭುತವಾಗೇ ನುಡಿಸಿದೆ. ಆದ್ರೆ ಮುಂದಿನ ಊರಿಗೆ ಬೇರೆಯವರನ್ನ ಕರೀತೀನಿ."

ಅಷ್ಟೇ. ಬೆನ್ನು ತಿರುಗಿಸಿ ಹೋದರು. ಮಾಮ ಸಿಂಫನಿಯ ಕುರ್ಚಿ ಜೋಡಿಸಲು ಹೊರಟರು.

ಸಿಂಫನಿ ಶುರುವಾಯಿತು. ನಾವಿಬ್ಬರೂ ಪರದೆಯ ಹಿಂದೆ ನೆಲದ ಮೇಲೆ ಕೂತೆವು. ಗಾಲಿಯ ಕರಿ ಮೆತ್ತಿದ ಶಾಲನ್ನೇ ಅಕ್ಕ ಹೊದ್ದುಕೊಂಡಳು. ಎಲ್ಲರಿಗೂ ಗೊತ್ತಿರುವ ಆ ರಾಗ ಬಂದಾಗ ಜನರ ಕಡೆಯಿಂದ ಸಣ್ಣಗೆ ಗುನುಗು ಕೇಳಿಸಿತು.

"ಕೆಳಗಿಂದ ನಂದು ಹೇಗೆ ಕೇಳಿಸ್ತೇ?" ಎಂದಳು ಅಕ್ಕ.

"ಒಂದೂ ಕಿವಿಗೆ ಬೀಳ್ಲಿಲ್ಲ ಕಣೇ. ಗಾಲಿ ನೋಡ್ತಿದ್ದೆ."