ಗೋಡೆಯ ಮರೆಯ ಮಳೆ

ಮೊದಲ ಸಲ ನಾನು ಕಂಡಾಗ ಅವರು ನೆಲಕ್ಕೆ ಕೆನ್ನೆಯಿಟ್ಟು ಮಲಗಿದ್ದರು. ಬೆಟ್ಟದ ನಡುಮಟ್ಟದಲ್ಲಿರುವ ಪಂಪ್‌ಹೌಸಿನ ಅಂಗಳ ಅದು. ಬೆಳಿಗ್ಗೆ ಎಂದಿನಂತೆ ಮಳೆಡಬ್ಬಿಯ ನೀರನ್ನು ಅಳತೆಯ ಗಾಜಿಗೆ ಸುರಿಯಲೆಂದು ಹೊರಗೆ ಬಂದರೆ, ಮಂಡಿಯವರೆಗೆ ಇಳಿಬಿದ್ದ ಕಂದು ಕೋಟು ತೊಟ್ಟ ನಡುವಯಸ್ಸಿನ ಹೆಂಗಸೊಬ್ಬರು ಡಬ್ಬಿಯ ಪಕ್ಕದಲ್ಲಿ ಅಡ್ಡಡ್ಡ ಬಿದ್ದುಕೊಂಡು, ಒಂದು ಕಣ್ಣು ಮುಚ್ಚಿ, ಡಬ್ಬಿಯ ಅಂಚಿನಿಂದಾಚೆ ಆಕಾಶ ಎಷ್ಟು ಕಾಣುತ್ತದೆಂದು ನೋಡುತ್ತಿದ್ದರು. ಜಾರಿ ಬಿದ್ದರೇನೋ ಎಂದು ಗಾಬರಿಯಿಂದ ಓಡಿದೆ. "ತಡೀರಿ ಅಮ್ಮ, ನೆರಳು ಬೀಳ್ತಿದೆ" ಎಂದರು. ನಮಸ್ಕಾರ, ಕುಶಲ, ಬಂದ ಕಾರಣ, ಎಲ್ಲ ಆಮೇಲೆ.

ಬೆಟ್ಟ, ಕಣಿವೆ, ಬಯಲು ಎಲ್ಲವೂ ಒತ್ತಾಗಿರುವ ಈ ಸೀಮೆಯ ಮಳೆಯ ನಕ್ಷೆ ಬರೆಯಲು ಬಂದಿದ್ದರು. ಒಂದೇ ಪ್ರಮಾಣದ ಮಳೆ ಬೀಳುವ ತಾಣಗಳನ್ನು ಒಂದು ಗೆರೆಯಿಂದ ಜೋಡಿಸುವುದು ಅವರ ಉದ್ಯೋಗ. ಆ ಗೆರೆಗಳನ್ನು ನೋಡಿಯೇ, ಮೇಲಿನ ಕುಸಿಯುವ ಇಳಿಜಾರಿನ ಕುಟುಂಬಗಳಿಗೆ ಹೊಸ ಮನೆ ಎಲ್ಲಿ ಕಟ್ಟಬೇಕೆಂಬುದು ನಿಶ್ಚಯವಾಗಬೇಕಿತ್ತು. ನಮ್ಮ ಪಂಪ್‌ಹೌಸಿನ ಕೆಳಗಿನ ತಗ್ಗು ಹೆಚ್ಚುಕಡಿಮೆ ಆಯ್ಕೆಯೂ ಆಗಿತ್ತು. ಅಲ್ಲಿ ಮಳೆ ಕಡಿಮೆ, ನೀರು ನುಗ್ಗುವ ಭಯವಿಲ್ಲ ಎನ್ನುವುದಕ್ಕೆ ಆಧಾರ ನಮ್ಮ ಡಬ್ಬಿಯೊಂದೇ. ಉಸಿರಿರುವವರೆಗೂ ಅದನ್ನು ಓದಿದವರು ನಮ್ಮ ಯಜಮಾನರು, ಅವರ ನಂತರ ನಾನು. ಹೊಸ ಮನೆಗೆ ಕಾದು ಕುಳಿತವರಲ್ಲಿ ನನ್ನ ಮಗಳೂ ಅಳಿಯನೂ ಇದ್ದರು.

ನಕ್ಷೆ ಮೇಡಂ ಎಂದೇ ನಾವೆಲ್ಲ ಕರೆಯುತ್ತಿದ್ದುದು. ಬೆಟ್ಟ ಹತ್ತುವಾಗ ಏಡಿಯ ಹಾಗೆ ಅಡ್ಡಡ್ಡ ಹೆಜ್ಜೆ ಹಾಕುವರು, ಕಣ್ಣು ಮಾತ್ರ ಗಾಳಿ ಬರುವ ದಿಕ್ಕಿನಲ್ಲಿ. ಬಿಸಿಲು ಸುಡುತ್ತಿದ್ದರೂ ಆ ಕೋಟು ಮೈಬಿಟ್ಟು ಇಳಿಯದು. ಅದರ ಜೇಬುಗಳಲ್ಲಿ ಗಾರೆಕೆಲಸದವರ ರಸಮಟ್ಟ, ಕೆಂಪು ಪೆನ್ಸಿಲು, ಅರ್ಧ ತಿಂದು ಮರೆತ ಬಿಸ್ಕತ್ತು. ಯಾರು ಏನು ಹೇಳಿದರೂ ತಲೆಯನ್ನು ಸ್ವಲ್ಪ ವಾರೆ ಮಾಡಿ "ನೋಡಿದ್ದು ಯಾರು?" ಎನ್ನುವರು. ಮೊನ್ನೆ ಮೇಲುಗಡೆ ಧೋ ಎಂದು ಸುರಿಯಿತಂತೆ ಎಂದರೆ, ನೋಡಿದ್ದು ಯಾರು? ನಿಮ್ಮ ಅಡುಗೆಯವನಿಗೆ ಮದುವೆ ಗೊತ್ತಾಯಿತಂತೆ ಎಂದರೆ, ಅದಕ್ಕೂ ನೋಡಿದ್ದು ಯಾರು? "ಇವ್ರ ಕಣ್ಣೆದುರಿಗೆ ಮಗು ಹುಟ್ಟಿದ್ರೂ ಸಾಕ್ಷಿ ಕೇಳ್ತಾರೆ ಬಿಡಮ್ಮ" ಎಂದು ಮಗಳು ನಗುತ್ತಿದ್ದಳು. ಆಗಿನ್ನೂ ನಗುತ್ತಿದ್ದಳು.

ನೆಲಕ್ಕೆ ಮಲಗಿ ಅವರು ನೋಡಿದ್ದು ನೀರಿನ ತೊಟ್ಟಿಯ ಗೋಡೆಯನ್ನು. ಡಬ್ಬಿಗೆ ತೀರ ಹತ್ತಿರ, ಅದೂ ಮಳೆಗಾಳಿ ಬೀಸುವ ಕಡೆಯಲ್ಲೇ, ಆಳೆತ್ತರಕ್ಕೆ ನಿಂತಿತ್ತು. ಓರೆಯಾಗಿ ಬರುವ ಮಳೆಗೆ ಅದು ಕೊಡೆ ಹಿಡಿದಂತೆ ಎಂಬುದು ಅವರ ಗುಮಾನಿ. ಹಾಗಿದ್ದರೆ ತಗ್ಗಿನಲ್ಲಿ ಮಳೆ ಕಡಿಮೆ ಎಂಬ ಲೆಕ್ಕವೇ ತಪ್ಪು. ಬರಿ ಗುಮಾನಿಯ ಮೇಲೆ ಏನನ್ನೂ ಬರೆಯದೆ, ಅಂಗಳದಾಚೆಯ ಬಯಲಿನಲ್ಲಿ ಇನ್ನೊಂದು ಡಬ್ಬಿ ಹೂಳಿಸಿ ಗಾಳಿಮಳೆಗೆ ಕಾದರು. ಬಂದ ಮಳೆಗಳೆಲ್ಲ ಹಗ್ಗ ಬಿಟ್ಟಂತೆ ನೆಟ್ಟಗೆ ಇಳಿದವು. ಎರಡು ಡಬ್ಬಿಯಲ್ಲೂ ನೀರು ಒಂದೇ ಸಮ. ಮಗಳ ಮುಖ ಅರಳಿತು. ಅತ್ತ ಮೇಲಧಿಕಾರಿ ದಿನವೂ ಫೋನಿನಲ್ಲಿ ಒರಲುತ್ತಿದ್ದರು. ಅವರ ದನಿ ನನಗೂ ಕೇಳುತ್ತಿತ್ತು. "ಎಲ್ಲಾ ಗೆರೆ ಮುಗಿದಿದೆ, ಇದೊಂದಕ್ಕೆ ಯಾಕ್ರೀ ಹಟ? ಸೋಮವಾರ ನಕ್ಷೆ ನನ್ನ ಮೇಜಿನ ಮೇಲಿರ್ಬೇಕು." ಮೇಡಂ "ಗಾಳಿ ಬರ್ಲಿ ಸಾರ್" ಎಂದಷ್ಟೇ ಹೇಳಿ ಫೋನು ಇಡುವರು, ಆಮೇಲೆ ಹೊತ್ತು ಕಳೆದರೂ ಅವರ ಬೆರಳು ಕೋಟಿನ ಗುಂಡಿಯನ್ನು ತಿರುವುತ್ತಲೇ ಇರುತ್ತಿತ್ತು. ಗಾಳಿ ಬಾರದಿರಲಿ ಎಂದು ನಾನು ಒಳಗೊಳಗೇ ಬೇಡಿಕೊಳ್ಳುತ್ತಿದ್ದೆ.

ಭಾನುವಾರ ಗಾಳಿ ಬಂತು. ಪಂಪ್‌ಹೌಸಿನ ತಗಡು ಕಿತ್ತುಬರುವಂತೆ ಬೀಸಿತು, ಮಳೆ ಅಡ್ಡಕ್ಕೆ ಹಾರಿತು. ಮರುದಿನ ಬೆಳಿಗ್ಗೆ ಗಾಜನ್ನು ನನ್ನ ಕೈಗಿತ್ತು ಮೇಡಂ ಬೆನ್ನು ತಿರುಗಿಸಿ ನಿಂತರು. ಓದುವವರ ಮುಖವನ್ನೂ ಗಾಜನ್ನೂ ಅವರು ನೋಡುತ್ತಿರಲಿಲ್ಲ. ತಮ್ಮ ನಿರೀಕ್ಷೆ ಓದುವವರ ಕಣ್ಣಿಗೆ ಅಂಟೀತೆಂಬ ಭಯ. ಗೋಡೆಯ ಪಕ್ಕದ ಡಬ್ಬಿಯ ನೀರು ಗಾಜಿನ ಅರ್ಧಕ್ಕೆ ನಿಂತಿತು. ಬಯಲಿನದು ಗಾಜು ತುಂಬಿಯೂ ಡಬ್ಬಿಯಲ್ಲಿ ಉಳಿದಿತ್ತು. ಎರಡರ ಅಳತೆಯನ್ನೂ ಅವರಿಗೆ ಕೇಳುವಂತೆ ಗಟ್ಟಿಯಾಗಿ ಓದಿದೆ.

ಅವರು ತಿರುಗಿ, ಬಹಳ ಮೆಲ್ಲಗೆ ಕೇಳಿದರು: "ಈ ಗೋಡೆ ಎದ್ದಿದ್ದು ಯಾವಾಗ ಅಮ್ಮ?"

ಆ ಮಾತಿನ ಭಾರ ನನಗೆ ಗೊತ್ತಿತ್ತು. ಗೋಡೆ ಏಳುವ ಮೊದಲಿನ ಲೆಕ್ಕ ಉಳಿಯುತ್ತದೆ, ಆಮೇಲಿನದು ಹೋಗುತ್ತದೆ. ಈಚೆಗೆ ಕಟ್ಟಿದ್ದು ಎಂದುಬಿಟ್ಟರೆ ಸಾಕು, ಯಜಮಾನರ ದುಡಿಮೆಯೂ ಉಳಿದೀತು, ಮಗಳ ಮನೆಯೂ ಎದ್ದೀತು. ಬಾಗಿಲಲ್ಲಿ ನಿಂತಿದ್ದ ಮಗಳು ನನ್ನನ್ನೇ ನೋಡುತ್ತಿದ್ದಳು. ಆ ತಗ್ಗಿನಲ್ಲಿ ಅವಳು ಮಕ್ಕಳನ್ನು ಮಲಗಿಸಿಕೊಂಡಿರುವ ಚಿತ್ರ ಕಣ್ಣಿಗೆ ಕಟ್ಟಿತು. ಗಾಜಿನಲ್ಲಿ ಹಿಡಿಸದೆ ಉಳಿದ ನೀರೂ ಕಟ್ಟಿತು.

"ಇವಳು ತೊಟ್ಟಿಲಲ್ಲಿದ್ದಾಗ" ಎಂದೆ.

"ಅಮ್ಮಾ!" ಎಂದು ಮಗಳು ಕೂಗಿಕೊಂಡಳು. ಮೇಡಂ ಕಡೆ ತಿರುಗಿ, "ನಮ್ಮಪ್ಪ ಜ್ವರ ಬಂದ್ರೂ ಎದ್ದು ಬಂದು ಓದಿದಾರೆ. ಸುಳ್ಳು ಬರ್ದಿಲ್ಲ ಅವ್ರು!"

"ಬರ್ದಿಲ್ಲಮ್ಮ. ಡಬ್ಬಿಯಲ್ಲಿ ಇದ್ದದ್ದನ್ನೇ ಬರ್ದಿದಾರೆ. ಬರ್ಬೇಕಾದ ಮಳೆ ಡಬ್ಬಿಗೆ ಬಂದಿಲ್ಲ, ಅಷ್ಟೆ."

ಅಷ್ಟು ಹೇಳಿ ಕೆಂಪು ಪೆನ್ಸಿಲು ತೆಗೆದರು. ಯಜಮಾನರೂ ನಾನೂ ಬರೆದ ಮಳೆಲೆಕ್ಕದ ಪುಸ್ತಕದಲ್ಲಿ, ನನ್ನ ಮದುವೆಯ ಮೊದಲ ಕೆಲವು ವರ್ಷಗಳನ್ನು ಬಿಟ್ಟು ಉಳಿದದ್ದರ ಮೇಲೆಲ್ಲ ಗೀಟು ಬಿತ್ತು. ಸಮಾಧಾನದ ಒಂದು ಮಾತಿಲ್ಲ. ನಕ್ಷೆಯಲ್ಲಿ ಗೆರೆ ನಮ್ಮ ತಗ್ಗಿನ ಅಂಚಿಗೆ ಬಂದು ನಿಂತಿತು, ಆಚೆ ಬದಿಯಲ್ಲಿ ಮತ್ತೆ ಹೊರಟಿತು, ನಡುವೆ ಬರಿ ಬಿಳಿ. "ತೂತು ಬಿದ್ದ ನಕ್ಷೆ ಕಳಿಸ್ತೀರೇನ್ರೀ?" ಎಂದು ಮೇಲಧಿಕಾರಿ ಗದರಿದರು. "ನಮಗೆ ಗೊತ್ತಿಲ್ದೇ ಇರೋದು ಅಷ್ಟೇ ಅಗಲ ಇದೆ ಸಾರ್" ಎಂದರು ಮೇಡಂ. ತಗ್ಗಿನ ಮನೆಗಳ ಮಾತು ಅಲ್ಲಿಗೆ ನಿಂತಿತು. ಬೇರೆ ಜಾಗ ಹುಡುಕಬೇಕಾಯಿತು. ಮಗಳು ಆ ಮಳೆಗಾಲವಿಡೀ ನನ್ನ ಹೊಸ್ತಿಲು ತುಳಿಯಲಿಲ್ಲ.

ಇಂಥವರು ಎಲ್ಲ ಕಾಲದಲ್ಲೂ ಕೆಲವರೇ ಇರುತ್ತಾರೆ. ಅವರ ಸಹವಾಸ ಸುಖದ್ದಲ್ಲ. ನಾವು ನಂಬಿಕೊಂಡು ನೆಮ್ಮದಿಯಾಗಿದ್ದುದನ್ನು ಅಲುಗಿಸಿ ನೋಡುತ್ತಾರೆ, ಅದು ಬಿದ್ದರೆ ಬಿತ್ತೆನ್ನುತ್ತಾರೆ. ಕರುಣೆಯಿಲ್ಲದವರೆಂದು ನಾವು ಬೈದುಕೊಳ್ಳುವ ಹೊತ್ತಿಗೆ, ಬಿದ್ದದ್ದರಲ್ಲಿ ಎತ್ತಬಹುದಾದದ್ದು ಏನಾದರೂ ಇದೆಯೇ ಎಂದು ಮಂಡಿಯೂರಿ ಹುಡುಕುತ್ತಿರುವವರೂ ಅವರೇ ಆಗಿರುತ್ತಾರೆ.

ಹೊರಟ ದಿನ ಜೀಪು ಹತ್ತಿದವರು ಮತ್ತೆ ಇಳಿದು ಬಂದರು. ಗೋಡೆಯ ಪಕ್ಕದ ಡಬ್ಬಿಯನ್ನು ಕಿತ್ತುಹಾಕಲು ನಾನು ಗುದ್ದಲಿ ಕೈಗೆತ್ತಿಕೊಂಡಿದ್ದೆ. ಅದನ್ನು ನನ್ನ ಕೈಯಿಂದ ತೆಗೆದು ಗೋಡೆಗೊರಗಿಸಿದರು.

"ಹಳೇದೂ ಹಾಗೇ ಇರ್ಲಿ ಅಮ್ಮ. ಎರಡನ್ನೂ ವರ್ಷಗಟ್ಲೆ ಜೊತೇಲಿ ಓದಿದ್ರೆ, ಯಾವ ಗಾಳಿಗೆ ಗೋಡೆ ಎಷ್ಟು ಮಳೆ ತಡೆಯತ್ತೆ ಅಂತ ಗೊತ್ತಾಗ್ಬಹುದು. ಆಗ ಯಜಮಾನ್ರು ಬರೆದಿದ್ದಕ್ಕೆ ಅಷ್ಟನ್ನ ಸೇರಿಸಿ, ಅವರ ವರ್ಷಗಳನ್ನ ವಾಪಸ್ಸು ನಕ್ಷೆಗೆ ತರೋಕಾಗತ್ತೇನೋ. ಮಾತು ಕೊಡಲ್ಲ ನಾನು. ಓದ್ತೀರಾ?"